ಎಂಜಲು ದಾರ

"ಆ ದಾರ ಹಂಗ ಬಿಡಬ್ಯಾಡ ಸಿಂಧೂ. ಎತ್ತಿ ಗ್ಯಾಸಿನ ಮ್ಯಾಲೆ ಸುಟ್ಟುಬಿಡು," ಎಂದರು ಇಂದೂ ಮೌಶಿ.

ಸಿಂಧೂರ ನೆಲ ನೋಡಿದಳು. ಎರಡು ಅಂಗುಲದ ಕೆಂಪು ತುಣುಕು, ಅವಳ ಮಡಿಲಿನಿಂದ ಜಾರಿ ಶಹಾಬಾದಿ ಕಲ್ಲಿನ ಮೇಲೆ ಬಿದ್ದಿತ್ತು. ದಾರದ ತುದಿಯನ್ನು ನಾಲಿಗೆಗೆ ಸವರಿ, ತುಟಿಗಳ ನಡುವೆ ಎಳೆದು ಚೂಪುಮಾಡಿ ಸೂಜಿಗೆ ಪೋಣಿಸುವುದು ಅವಳ ಅಭ್ಯಾಸ. ಹೊಲಿದು ಮುಗಿದಮೇಲೆ ಸೂಜಿಯಲ್ಲಿ ಉಳಿಯುವುದು ಆ ಒದ್ದೆ ಮಾಡಿದ ತುದಿಯೇ. ಅದನ್ನು ಕತ್ತರಿಸಿ ಎಸೆಯುತ್ತಾರೆ, ಇಲ್ಲವೇ ಅವಳಂತೆ ಕೂಡಿಡುತ್ತಾರೆ.

"ಯಾಕೆ ಮೌಶಿ, ಡಿಎನ್‌ಎ ಟೆಸ್ಟ್ ಮಾಡಿಸ್ತಾರಾ?"

"ನಗಬ್ಯಾಡ. ಬಾಯಾಗಿಟ್ಟ ದಾರ, ಎಂಜಲ ಅದು. ನಮ್ಮ ಮನ್ಯಾಗ ಹೆಣ್ಣುಮಕ್ಕಳು ಹೊಲಿಗಿ ಬಿಟ್ಟು ಏಳೂಕಿಂತ ಮೊದಲ ತುಣುಕೆಲ್ಲಾ ಒಲಿಗೆ ಹಾಕತಿದ್ರು. ಇನ್ನೊಬ್ಬರ ಕೈಯಾಗ ಸಿಗಬಾರ್ದು."

"ಸಿಕ್ಕಿದ್ರೆ?"

ಮೌಶಿ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ತಂಗಿಯ ಮಗಳು ಅನುಜಾಳ ಕಡೆಗೊಮ್ಮೆ ಕಣ್ಣು ಹಾಯಿಸಿ ಹಿಂದಕ್ಕೆಳೆದುಕೊಂಡರು. "ಇಂದಾಪುರದಾಗ ನಮ್ಮವ್ವ ಇದ್ಲು. ಊರ ಮಂದಿ ಆಕಿಗೆ ಯಾಕ ಅಂಜತಿದ್ರು ಅಂತ ನನಗ ಗೊತ್ತದ. ಅದರ ಮ್ಯಾಲೆ ಕೇಳಬ್ಯಾಡ."

"ನನ್ನ ಹತ್ರ ದೊಡ್ಡ ಬಾಟಲಿ ತುಂಬ ಇದೆ ಮೌಶಿ. ಮೂರು ವರ್ಷದ್ದು. ಟಿವಿ ಪಕ್ಕ ಶೋಪೀಸ್ ಥರ ಇಟ್ಟಿದೀನಿ. ಮಾಟ ಮಾಡೋರು ಯಾರಾದ್ರೂ ಇದ್ರೆ ಹೇಳಿ, ಫ್ರೀಯಾಗಿ ಕೊಡ್ತೀನಿ."

ಹರಿಣಾಕ್ಷಿ ಗಟ್ಟಿಯಾಗಿ ನಕ್ಕಳು. ಅವಳ ಗಂಡನದು ಪುಣೆಯ ಶಿವಾಜಿನಗರದಲ್ಲಿ ಹೋಟೆಲು. ಶನಿವಾರ ಮಧ್ಯಾಹ್ನ ಮಾತ್ರ ಗಲ್ಲಾಪೆಟ್ಟಿಗೆಯಿಂದ ಬಿಡುವು. "ಮೊದಲು ನಿನ್ನ ಆ ಹಕ್ಕಿಗೆ ಇನ್ನೊಂದು ರೆಕ್ಕೆ ಹಚ್ಚು ಮಾರಾಯ್ತಿ. ಮಾಟದ್ದು ಆಮೇಲೆ ನೋಡುವ."

ಅನುಜಾ ನಗಲಿಲ್ಲ. ನೆಲದ ಮೇಲಿನ ಕೆಂಪು ತುಣುಕನ್ನು ನೋಡುತ್ತಿದ್ದಳು.

ಸಿಂಧೂರ ಮೈಸೂರಿನವಳು. ಪುಣೆಗೆ ಬಂದು ಎರಡು ವರ್ಷ. ಹಿಂಜವಡಿಯ ಕಂಪನಿಯಲ್ಲಿ ಕೆಲಸ, ಬಾಣೇರಿನಲ್ಲಿ ರಕ್ಷಿತಳ ಜೊತೆ ಹಂಚಿಕೊಂಡ ಫ್ಲ್ಯಾಟು, ಶನಿವಾರ ನಾರಾಯಣ ಪೇಟೆಯಲ್ಲಿ ಎಲ್ಲರಿಗೂ ಮೌಶಿ, ಅಂದರೆ ದೊಡ್ಡಮ್ಮ, ಆಗಿದ್ದ ಇಂದೂ ಅವರ ಮನೆಯಲ್ಲಿ ನಾಲ್ಕು ಜನರ ಕಸೂತಿ ಹೊಲಿಗೆ. ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಕ್ಯಾಮರಾಕ್ಕೆ ಕಾಣದಂತೆ ಮಡಿಲಲ್ಲಿ ಬಟ್ಟೆ ಬಿಗಿದ ಕಸೂತಿಯ ರಿಂಗು ಇರುತ್ತಿತ್ತು. ಮೇಲೆ ಮುಖ ಮೀಟಿಂಗಿಗೆ ತಲೆಯಾಡಿಸುತ್ತಿದ್ದರೆ ಕೆಳಗೆ ಬೆರಳು ಬಟ್ಟೆಯ ಚೌಕಗಳನ್ನು ಎಣಿಸುತ್ತಿತ್ತು. ತೊಡಗುವುದರಲ್ಲಿ ಅವಳಿಗೆ ಸಾಟಿಯಿಲ್ಲ. ಒಂಟಿ ರೆಕ್ಕೆಯ ಮಿಂಚುಳ್ಳಿ. ಮಾರ್ಚ್ ತಿಂಗಳಿಗೆ ನಿಂತ ಕ್ಯಾಲೆಂಡರು. ಅಕ್ಕನ ಮಗು ಹುಟ್ಟಿದಾಗ ಶುರುಮಾಡಿದ ಆನೆ; ಮಗು ಈಗ ನರ್ಸರಿಗೆ ಹೋಗುತ್ತಿದೆ, ಆನೆಗೆ ಸೊಂಡಿಲು ಬಂದಿಲ್ಲ. ಅವಳ ಕೈಯಿಂದ ತುಂಬಿ ಮುಗಿದದ್ದೆಂದರೆ ಆ ಬಾಟಲಿಯೊಂದೇ.

ಅನುಜಾ ಹಾಗಲ್ಲ. ತಾಯಿಯನ್ನು ಕೂಸಿದ್ದಾಗಲೇ ಕಳೆದುಕೊಂಡು, ಇಂದಾಪುರದಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದು, ಅಜ್ಜಿ ಹೋದಮೇಲೆ ಪುಣೆಗೆ ಬಂದವಳು. ಹತ್ತು ತಿಂಗಳು ಒಂದೇ ಕಪ್ಪು ಬಟ್ಟೆಯ ಮೇಲೆ ಹೊಲಿದಳು, ಒಳಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು. ಮುಗಿದ ದಿನ ಅದನ್ನು ಮೌಶಿಗೂ ತೋರಿಸದೆ ಸಿಂಧೂರಳಿಗೊಬ್ಬಳಿಗೆ ತೋರಿಸಿದಳು. ಎಳ್ಳಿನಷ್ಟು ಸಣ್ಣ ಕತ್ತರಿ ಹೊಲಿಗೆಗಳು, ಚೌಕಕ್ಕೊಂದರಂತೆ ಎರಡೆರಡು ಎಳೆ ಅಡ್ಡ ಹಾದವು, ಸಾವಿರ ಸಾವಿರ. ತುಳಸಿ ಕಟ್ಟೆ, ದೀಪ, ಕಟ್ಟೆಯ ಮುಂದೆ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸು. ಜಡೆಯ ಎಳೆ ಎಳೆಯೂ ಕಾಣುತ್ತಿತ್ತು.

"ಯಾರಿದು?"

"ಅವ್ವ."

"ಮುಖ ಯಾಕೆ ಮಾಡಿಲ್ಲ?"

"ನೋಡಿಲ್ರಿ."

ಕನ್ನಡ ಸಂಘದವರು ಕೈಕೆಲಸದ ಪ್ರದರ್ಶನ, ಸ್ಪರ್ಧೆ ಇಟ್ಟಿದ್ದರು. ಚೌಕಟ್ಟು ಹಾಕಿಸಿ, ಫಾರ್ಮು ತುಂಬಿ ಕಳಿಸುವ ಕೆಲಸ ನನಗಿರಲಿ ಎಂದು ಸಿಂಧೂರಳೇ ಕೇಳಿ ತಂದಳು. ನಿಜಕ್ಕೂ ಸಹಾಯ ಮಾಡಬೇಕೆಂದೇ ತಂದಳು. ಫಾರ್ಮಿನಲ್ಲಿ 'ಹೆಸರು' ಎಂದಿದ್ದ ಕಡೆ ಬೆರಳು ಒಂದು ಗಳಿಗೆ ನಿಂತಿತು. ಮೂರು ವರ್ಷದ ಅರ್ಧಂಬರ್ಧಗಳೆಲ್ಲ ಚೀಲದಲ್ಲಿ ಕೂತು ಅಣಕಿಸಿದಂತಾಯಿತು. ಅನುಜಾ ಬಾಯಿ ಬಿಡುವವಳಲ್ಲ ಎಂಬ ಯೋಚನೆ ಬಂತು. ತನ್ನ ಹೆಸರು ಬರೆದಳು. ಕಪ್ಪು ಬಟ್ಟೆಯ ಮೂಲೆಯಲ್ಲಿ ತನ್ನ ಮೊದಲಕ್ಷರ ಹೊಲಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಮೊದಲ ಬಹುಮಾನ ಬಂತು. ವೇದಿಕೆಯ ಮೇಲಿದ್ದವರು ಮೈಕು ಹಿಡಿದು ಕೇಳಿದರು: "ಈ ಹೆಂಗಸು ಯಾರಮ್ಮ?"

"ನಮ್ಮಮ್ಮ," ಎಂದಳು ಸಿಂಧೂರ.

ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಅನುಜಾ ಎದ್ದು ನಿಂತಿದ್ದಳು. ಮೌಶಿ ಅವಳ ತೋಳು ಹಿಡಿದು, "ಅನೂ, ನೀ ಒಳಗ ಕುಂತು ಹೊಲೀತಿದ್ದಿಲ್ಲಾ, ಇದಽ ಏನ ಅದು?" ಎಂದು ಕೇಳಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತು. ತಲೆಗಳು ತಿರುಗಿದವು. ಅನುಜಾಳ ದನಿ ಹೊರಡಲಿಲ್ಲ. ವೇದಿಕೆಯಿಂದಿಳಿದ ಸಿಂಧೂರ ಅವಳ ಹೆಗಲ ಮೇಲೆ ಕೈಹಾಕಿ, "ಅಂಚು ಹೊಲಿಯೋಕೆ ಹೆಲ್ಪ್ ಮಾಡಿದ್ಲು ಮೌಶಿ, ಪಾಪ," ಎಂದಳು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಣೇರಿನ ಫ್ಲ್ಯಾಟಿನ ಗಂಟೆ ಬಾರಿಸಿತು. ಬಾಗಿಲಲ್ಲಿ ಅನುಜಾ. ಸಿಂಧೂರ ಹೇಳಬೇಕಾದ ಸಬೂಬುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಳು. ಹುಡುಗಿ ಕೂರಲಿಲ್ಲ, ನೀರು ಕೇಳಲಿಲ್ಲ, ಗೋಡೆಯ ಮೇಲಿದ್ದ ಬಹುಮಾನದ ಪಟದ ಕಡೆ ತಲೆಯನ್ನೂ ಎತ್ತಲಿಲ್ಲ. ಟಿವಿಯ ಪಕ್ಕ ಬೆರಳು ತೋರಿಸಿದಳು.

"ಆ ಬಾಟಲಿ ಕೊಡ್ತೀರೇನ್ರಿ?"

"ಇದಾ? ಅಯ್ಯೋ, ತಗೋ ತಗೋ!" ಸಿಂಧೂರಳಿಗೆ ನಿರಾಳವಾಯಿತು. ಕೋಪ ಇಷ್ಟಕ್ಕೇ ತೀರುವುದಾದರೆ ಇನ್ನೇನು ಬೇಕು? ಧೂಳು ಒರೆಸಿ, ಮುಚ್ಚಳ ಬಿಗಿಮಾಡಿ, ಒಳ್ಳೆಯದೊಂದು ಕೈಚೀಲ ಹುಡುಕಿ ಅದರಲ್ಲಿಟ್ಟು ಕೊಟ್ಟಳು. "ಬೇರೆ ಏನಾದ್ರೂ ಬೇಕಾ?"

"ಇಷ್ಟ ಸಾಕ್ರಿ."

ಮರುದಿನ ಹನ್ನೊಂದಕ್ಕೆ, ಮೀಟಿಂಗಿನ ನಡುವೆ, ಬಾಯಿಯ ಎಡ ಅಂಚಿನಲ್ಲಿ ಚುಚ್ಚಿತು. ಇರುವೆಯಿರಬೇಕೆಂದು ಒರೆಸಿಕೊಂಡಳು. ಮತ್ತೆ ಚುಚ್ಚಿತು. ಕೂಡಲೇ ಮತ್ತೆರಡು. ಸ್ವಲ್ಪ ಬಿಟ್ಟು ಬಲ ಅಂಚಿನಲ್ಲೂ ಹಾಗೆಯೇ ನಾಲ್ಕು. ಸಂಜೆ ಊಟಕ್ಕೆ ಬಾಯಿ ತೆರೆದಾಗ ಎರಡೂ ಅಂಚು ಅಂಟಿಕೊಂಡಂತಿತ್ತು.

"ಏನೂ ಕಾಣ್ತಿಲ್ಲ ಕಣೇ," ಎಂದಳು ರಕ್ಷಿತ, ಮೊಬೈಲಿನ ಬೆಳಕು ಬಿಟ್ಟು ನೋಡಿ. "ಚಳಿಗೆ ಒಡೆದಿರತ್ತೆ. ಲಿಪ್ ಬಾಮ್ ಹಚ್ಕೋ. ಎರಡು ದಿನ ಮಾತು ಕಮ್ಮಿ ಮಾಡು, ನನಗೂ ರೆಸ್ಟ್ ಸಿಗತ್ತೆ."

ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಮತ್ತೆ. ಶನಿವಾರ ಮತ್ತೆ, ಆ ವಾರ ಹೊಲಿಗೆಗೆ ಹೋಗಲಿಲ್ಲ. ಭಾನುವಾರ ಅವಳು ಕಣ್ಣು ಮುಚ್ಚಿ ಎಣಿಸಿದಳು. ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ. ಮತ್ತೆ ಕೆಳಗಿನಿಂದ ಮೇಲೆ, ಮೇಲಿನಿಂದ ಕೆಳಗೆ. ನಾಲ್ಕು ಚುಚ್ಚಿಗೆ ಒಂದು ಬಿಡುವು. ಆ ಲಯ ಅವಳ ಬೆರಳುಗಳಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಕತ್ತರಿ ಹೊಲಿಗೆಗೆ ನಾಲ್ಕು ಚುಚ್ಚು.

ಎರಡು ಅಂಗುಲದ ತುಣುಕಿನಿಂದ ಒಂದು ಹೊಲಿಗೆ ಆಗುತ್ತದೆ. ಬಾಟಲಿಯಲ್ಲಿ ಅಂಥ ತುಣುಕು ಎಷ್ಟು ಸಾವಿರ? ಒಂದೊಂದೂ ಅವಳ ನಾಲಿಗೆಯ ಮೇಲೆ ಮಲಗೆದ್ದದ್ದು.

ಡಾಕ್ಟರು ಮುಲಾಮು ಬರೆದುಕೊಟ್ಟರು. ಕನ್ನಡಿಯಲ್ಲಿ ಗಾಯವಿಲ್ಲ, ರಕ್ತವಿಲ್ಲ. ತುಟಿ ತುಟಿಗೆ ಸೇರಿದ ಒಂದು ಗೆರೆ, ಅಷ್ಟೆ. ಒಳಗಿನಿಂದ ನಾಲಿಗೆ ಚಾಚಿದರೆ ಮಾತ್ರ ಅಡ್ಡಡ್ಡ ಎಳೆಗಳು ತಗಲುತ್ತಿದ್ದವು. ಬಣ್ಣ ಬಿಟ್ಟ ಹತ್ತಿಯ ರುಚಿ. ಮೂಗಿಗೆ ಹಳೆಯ ಟ್ರಂಕಿನ ಕರ್ಪೂರದ ವಾಸನೆ. ಊಟ ಗಂಜಿಗೆ ಇಳಿಯಿತು, ಗಂಜಿ ಸ್ಟ್ರಾಗೆ ಇಳಿಯಿತು. "ನಿಮ್ಮ ಆಡಿಯೋ ಸರಿಯಿಲ್ಲ" ಎಂದರು ಮೀಟಿಂಗಿನಲ್ಲಿ. ದನಿ ಸೀಟಿಯಂತೆ ಹೊರಡುತ್ತಿತ್ತು.

ಗುರುವಾರ ಅವಳಿಗೆ ಇನ್ನೊಂದು ಹೊಳೆಯಿತು. ಈ ಹೊಲಿಗೆಯನ್ನು ಯಾರಾದರೂ ನಟ್ಟನಡುವಿನಿಂದಲೇ ಶುರುಮಾಡುತ್ತಾರೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ನಡುಚೌಕ ಹಿಡಿದು, ಅಲ್ಲಿಂದ ಎಣಿಸುತ್ತ ಹೊರಗೆ ಹೋಗುತ್ತಾರೆ. ಅನುಜಾ ಅಂಚಿನಿಂದ ಒಳಗೆ ಬರುತ್ತಿದ್ದಾಳೆ. ಬೇಕೆಂದೇ. ನಡುವೆ ಜಾಗ ಬಿಟ್ಟಿದ್ದಾಳೆ.

ಯಾತಕ್ಕೆಂದು ಸಿಂಧೂರಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಿಜ ಹೇಳಲಿಕ್ಕೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ನಾರಾಯಣ ಪೇಟೆಯ ಆ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿದಳು. ಹೊರಗೆ ಬಿಸಿಲಿದ್ದರೂ ಮೆಟ್ಟಿಲ ಮೇಲೆ ಕತ್ತಲು. ಪಾರಿವಾಳದ ಹಿಕ್ಕೆಯ ವಾಸನೆ. ಮರದ ಹಲಗೆ ಕಿರುಗುಟ್ಟಿದಾಗಲೆಲ್ಲ ಮೇಲೆಲ್ಲೋ ಬಿಗಿದ ಬಟ್ಟೆಗೆ ಸೂಜಿ ತೂರುವ ಟಪ್ ಎಂಬ ಸದ್ದು. ಒಂದು ಮೆಟ್ಟಿಲು, ಟಪ್. ಇನ್ನೊಂದು ಮೆಟ್ಟಿಲು, ಟಪ್.

"ಬಾ ಬಾ!" ಹರಿಣಾಕ್ಷಿ ಜಾಗ ಬಿಟ್ಟಳು. "ನಿನ್ನ ಅಮ್ಮನ ಪಟ ಕಂಡು ನಮ್ಮ ಯಜಮಾನ್ರು ಅತ್ತೇ ಬಿಟ್ರು ಮಾರಾಯ್ತಿ. ಎಂಥ ಕೈ ನಿನ್ನದು! ಅಲ್ಲ, ಎಂತಾಯ್ತು, ಮುಖ ಬಾಡಿದೆ?"

ಸಿಂಧೂರ ಅವಳನ್ನು ದಾಟಿ ಮೂಲೆಗೆ ಹೋದಳು. ಅನುಜಾಳ ರಿಂಗಿನಲ್ಲಿ ಒಂದು ಮುಖ. ಕೆಂಪು, ನೀಲಿ, ಮಿಂಚುಳ್ಳಿಯ ಹಸಿರು, ಆನೆಯ ಬೂದು, ಸಿಕ್ಕ ಸಿಕ್ಕ ಬಣ್ಣದ ತುಣುಕುಗಳಿಂದ ಎದ್ದ ಮುಖ. ಹಣೆ ಸಿಂಧೂರಳದೇ. ಮೂಗುತಿ ಅವಳದೇ. ತುಟಿಗಳ ಉದ್ದಕ್ಕೂ ಕಪ್ಪು ಕತ್ತರಿ ಹೊಲಿಗೆಗಳ ಸಾಲು. ನಡುವೆ ಎರಡು ಚೌಕ ಖಾಲಿ.

ಅನುಜಾ ತಲೆಯೆತ್ತಿದಳು. ಆ ಮನೆಯಲ್ಲಿ ಅವಳ ದನಿ ಅಷ್ಟು ಸ್ಪಷ್ಟವಾಗಿ ಯಾರೂ ಕೇಳಿರಲಿಲ್ಲ.

"ಎರಡ ಚೌಕ ಬಿಟ್ಟೀನ್ರಿ. ಒಂದ ಮಾತಿಗೆ ಸಾಕಾಗ್ತದ. ಪಟದಾಗಿನ ಹೆಣ್ಣಮಗಳು ಯಾರು, ಇವರಿಗೆ ಹೇಳ್ರಿ."

ಮೌಶಿ ಕನ್ನಡಕ ತೆಗೆದರು. "ಏನ ಹೇಳಬೇಕು ಆಕಿ? ಅನೂ, ಏನದು ನಿನ್ನ ಕೈಯಾಗ?" ಹತ್ತಿರ ಬಂದು ನೋಡಿದರು. "ಇಂದಾಪುರದಾಗ ನಮ್ಮವ್ವ ಮಾಡತಿದ್ದ ಕೆಲಸ ಇದು... ಸಿಂಧೂ, ಏನಿದ್ರೂ ಲಗೂನ ಹೇಳಿಬಿಡಽ ಯವ್ವಾ!"

ಸಿಂಧೂರ ಉಸಿರೆಳೆದಳು. ಎರಡೇ ಶಬ್ದ. ಅನುಜಾಳ ತಾಯಿ. ಅಷ್ಟೆ. ಹರಿಣಾಕ್ಷಿ ಅವಳನ್ನೇ ನೋಡುತ್ತಿದ್ದಳು, ಇನ್ನೂ ಅದೇ ಮೆಚ್ಚಿಗೆಯ ಕಣ್ಣಿನಿಂದ. ಆ ಕಣ್ಣು ಬದಲಾಗುವುದನ್ನು ನೋಡಬೇಕಲ್ಲ! ಒಂದೇ ಒಂದು ಗಳಿಗೆ. ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು.

"ಅನುಜಾನೂ... ಸ್ವಲ್ಪ ಹೆಲ್ಪ್..."

ಟಪ್.

ಸೂಜಿ ಇಳಿಯಿತು. ಏರಿತು. ಇಳಿಯಿತು. ಒಂದು ಚೌಕ ಮುಚ್ಚಿತು.

ಇಲ್ಲ, ಇಲ್ಲ. ಹೇಳುತ್ತೇನೆ. ಈಗ ಹೇಳುತ್ತೇನೆ. ನಿಜ ಗಂಟಲಿಗೆ ಬಂತು. ನಾಲಿಗೆಗೆ ಬಂತು. ಹಲ್ಲಿಗೆ ಬಂತು. ಟಪ್. ತುಟಿಗೆ ಬಂತು. ಟಪ್. ಅಲ್ಲಿ ಬಾಗಿಲಿರಲಿಲ್ಲ.

ಕೋಣೆಯಲ್ಲಿ ಮೂಗಿನ ಉಸಿರು ಮಾತ್ರ ಕೇಳಿಸುತ್ತಿತ್ತು. ಸಿಂಧೂರ ಮೊಬೈಲು ತೆಗೆದಳು. ಬರೆದಳು. ಮೌಶಿಯ ಮುಖದ ಮುಂದೆ ಹಿಡಿದಳು. ಮೌಶಿ ಕಣ್ಣು ಕಿರಿದುಮಾಡಿ ಒಂದೊಂದೇ ಪದ ಓದಿದರು.

"ಅದು ಅನುಜಾ ಹೊಲಿದದ್ದು. ಆ ಹೆಂಗಸು ನಮ್ಮಮ್ಮ ಅಲ್ಲ. ಅನುಜಾಳ ತಾಯಿ." ಓದಿ, ಮತ್ತೆ ತಮ್ಮಷ್ಟಕ್ಕೆ ಓದಿಕೊಂಡರು. "ನನ್ನ ತಂಗಿ. ನನ್ನ ತಂಗೀನ ನಿಮ್ಮವ್ವ ಅಂದೆಲ್ಲಽ, ಅಷ್ಟ ಮಂದಿ ಮುಂದ."

ಹರಿಣಾಕ್ಷಿ ಗೋಡೆಗೆ ಒರಗಿ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಸಿಂಧೂರ ತನ್ನ ತುಟಿಯತ್ತ ಬೆರಳು ಮಾಡಿ ತೋರಿಸಿದಳು. ಕೈಮುಗಿದಳು. ನೆಲಕ್ಕೆ ಹಣೆ ಹಚ್ಚಿದಳು.

"ಬಾಯಿಂದ ಬರಬೇಕಿತ್ತರಿ," ಎಂದಳು ಅನುಜಾ. "ಬರೆದು ತೋರಿಸೂದಕ್ಕ ನಾ ಜಾಗಾ ಬಿಟ್ಟಿದ್ದಿಲ್ಲ."

ಸಿಂಧೂರ ಮೇಲೆದ್ದು ರಿಂಗು ಕಿತ್ತುಕೊಂಡಳು. ಕತ್ತರಿ ಕೈಗೆ ಸಿಕ್ಕಿತು. ರಿಂಗನ್ನು ತಿರುವಿ ಹಾಕಿದಳು. ಹಿಂಬದಿಯಲ್ಲಿ ಗಂಟಿರುತ್ತದೆ, ಬಾಲವಿರುತ್ತದೆ, ಅದನ್ನು ಹಿಡಿದೆಳೆದರೆ ಬಿಚ್ಚುತ್ತದೆ. ಹಿಂಬದಿಯಲ್ಲೂ ಅದೇ ಮುಖ. ಅದೇ ಮೂಗುತಿ. ಅವೇ ಮುಚ್ಚಿದ ತುಟಿಗಳು. ಒಂದು ಗಂಟಿಲ್ಲ. ಒಂದು ತುದಿಯಿಲ್ಲ. ಉಗುರಿನಿಂದ ಕೆರೆದಳು. ಹುಡುಕಿದಳು. ಉಸಿರು ಸಾಲಲಿಲ್ಲ. ಕಣ್ಣು ಮುಚ್ಚಿ, ಎಲ್ಲೋ ಒಂದು ಕಡೆ, ಒಂದೇ ಒಂದು ಎಳೆ ಕತ್ತರಿಸಿದಳು. ಅವಳದೇ ಕೆನ್ನೆ ಸೀಳಿ ಬಿಸಿಯಾಯಿತು. ರಕ್ತ ಗಲ್ಲಕ್ಕಿಳಿದು, ಬಿಗಿದ ಬಟ್ಟೆಯ ಮೇಲೆ ತೊಟ್ಟಿಕ್ಕಿತು. ಕತ್ತರಿ ಕೈಯಿಂದ ಬಿತ್ತು.

ಅನುಜಾ ಬಗ್ಗಿ ರಿಂಗನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡಳು.

"ಎಲ್ಲಿಂದ ಶುರು ಮಾಡೀನಿ ಅಂತ ಈಗ ನನಗೂ ನೆನಪಿಲ್ರಿ."

ಸೆರಗಿಗೆ ಕೈ ಒರೆಸಿಕೊಂಡು ಅಡುಗೆಮನೆಯ ಕಡೆ ನಡೆದಳು. ಬಾಗಿಲಲ್ಲಿ ನಿಂತು, ಹೊರಳಿ, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಚಹಾ ಇಡ್ತೀನಿ ಮೌಶಿ. ಮೂರ ಕಪ್ ಸಾಕಲ್ಲ?"

ಮೌಶಿ ಸಿಂಧೂರಳನ್ನು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು, ತಮ್ಮ ಹೊಲಿಗೆ ಮಡಿಲಿಗೆ ಎಳೆದುಕೊಂಡರು.

"ಹೂಂ," ಎಂದರು. "ಮೂರ ಸಾಕು."