ಮೂಲೆ ಕಪ್ಪಾದ ಕಾರ್ಡು

"ಪಟದ ಹಿಂದೆ ಒಂದ್ ಕಾರ್ಡ್ ಇತ್ತು ಮೇಡಂ. ನಾನ್ ಓದಿಲ್ಲ," ಎಂದರು ಕಟ್ಟು ಹಾಕುವ ಖುರ್ಷಿದ್ ಪಾಷಾ. ಗಾಜು ಒರೆಸುತ್ತ, "ಎರಡೇ ಸಾಲ್ ಓದ್ದೆ," ಎಂದೂ ಸೇರಿಸಿದರು.

ಅದು ೧೯೮೩. ನಾನು ತುಮಕೂರಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ತೀರಿಕೊಂಡ ಅಜ್ಜಿಯ ರಾಮದೇವರ ಪಟಕ್ಕೆ ಹೊಸ ಗಾಜು ಹಾಕಿಸಲು ಕೊಟ್ಟಿದ್ದೆ. ಕಾರ್ಡಿನ ಮೇಲೆ ಕುಣಿಗಲ್ ಮುದ್ರೆ, ೧೯೭೪ರ ಮೇ ತಿಂಗಳು. ವಿಳಾಸ ನನ್ನದೇ: ಕುಮಾರಿ ಕೌಸಲ್ಯ, ಗುಬ್ಬಿ.

"ಕದ್ದು ಬರೆಯುವ ವಿಷಯವಲ್ಲವಾದ್ದರಿಂದ ಕಾರ್ಡಿನಲ್ಲೇ ಕೇಳುತ್ತಿದ್ದೇನೆ. ನಿಮಗೆ ಒಪ್ಪಿಗೆಯಿದ್ದರೆ ಒಂದು ಸಾಲು ಬರೆಯಿರಿ, ನಮ್ಮ ತಂದೆಯವರನ್ನು ನಿಮ್ಮ ಮನೆಗೆ ಕಳುಹಿಸುತ್ತೇನೆ. ಇಲ್ಲವಾದರೆ ಬರೆಯಬೇಡಿ. ಅರ್ಥ ಮಾಡಿಕೊಳ್ಳುತ್ತೇನೆ. ಇತಿ, ಸುಬ್ಬಕೃಷ್ಣ."

ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅಕ್ಕನ ಮದುವೆಯ ಲಗ್ನಪತ್ರಿಕೆ ಅಚ್ಚಾದದ್ದು ಅವನ ಪ್ರೆಸ್ಸಿನಲ್ಲಿ. ಕರಡು ನೋಡಲು ಅಪ್ಪನ ಜೊತೆ ಮೂರು ಸಲ ಕುಣಿಗಲ್ಲಿಗೆ ಹೋಗಿದ್ದೆ. ಮೂರನೆಯ ಸಲ ತಿದ್ದಲು ಏನೂ ಇರಲಿಲ್ಲ.

"ತಪ್ಪೇ ಇಲ್ವಲ್ರೀ," ಎಂದಿದ್ದೆ.

"ಗೊತ್ತು. ಆದ್ರೂ ಒಂದ್ಸಲ ಬಂದು ನೋಡ್ಲಿ ಅಂತ ಹೇಳ್ಕಳಿಸ್ದೆ," ಎಂದು ತಲೆಯೆತ್ತದೆ ಅಕ್ಷರ ಜೋಡಿಸಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಆಮೇಲೆ ಸುದ್ದಿಯೇ ಇರಲಿಲ್ಲ. ನಾನು ಮೂರು ಗಂಡುಗಳನ್ನು ಕುಂಟುನೆಪ ಹೇಳಿ ಬೇಡವೆಂದೆ.

ಭಾನುವಾರ ಗುಬ್ಬಿಗೆ ಹೋಗಿ ಕಾರ್ಡನ್ನು ಅಮ್ಮನ ಮುಂದಿಟ್ಟೆ. ಅಮ್ಮ ಮೊದಲು ನೋಡಿದ್ದು ಮೂಲೆಗಳನ್ನು. ನಾಲ್ಕೂ ಕಪ್ಪಗಿದ್ದವು.

"ಅಯ್ಯೋ, ಇದಾ! ನಿಮ್ಮಕ್ಕನ ಮದುವೆ ಹಿಂದಿನ್ ದಿನ ಬಂತು ಕಣೇ. ಮೈಸೂರಲ್ಲಿ ನಿಮ್ ದೊಡ್ತಾತ ಈಗ್ಲೋ ಆಗ್ಲೋ ಅಂತಿದ್ರು. ಮೂಲೆ ಕಪ್ಪಾಗಿದ್ರೆ ಇನ್ನೇನು, ಸಾವಿನ್ ಸುದ್ದೀನೇ. ಓದಿದ್ರೆ ಸೂತಕ, ಮದುವೆ ನಿಲ್ಸಬೇಕು. ಕಿವಿಗೆ ಬೀಳದಿದ್ರೆ ಸೂತಕ ಇಲ್ಲ ಅಂತ ಅಜ್ಜಿ ಕಣ್ ಮುಚ್ಕೊಂಡು ಎಲ್ಲೋ ಬಚ್ಚಿಟ್ರು."

"ಆಮೇಲಾದ್ರೂ ನೋಡ್ಬಾರ್ದಿತ್ತಾ?"

"ಮೂರನೇ ದಿನ ತಂತೀನೇ ಬಂತಲ್ಲ, ತಾತ ಹೋದ್ರು ಅಂತ. ಕಾರ್ಡಲ್ಲೂ ಅದೇ ಇರತ್ತೆ ಅಂದ್ಕೊಂಡ್ವಿ."

ಕಪ್ಪು ಬೇರೇನಲ್ಲ, ಪ್ರೆಸ್ಸಿನ ಮಸಿ. ಮಸಿಗೈಯಲ್ಲಿ ಕಾರ್ಡು ಹಿಡಿದಿದ್ದಾನೆ, ಮಹಾರಾಯ! ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು, ಅವನ ಮೇಲೆ ಇನ್ನೂ ಹೆಚ್ಚು ಬಂತು.

ಸೋಮವಾರ ರಜೆ ಹಾಕಿ ಕುಣಿಗಲ್ ಬಸ್ ಹತ್ತಿದೆ. ಅದೇ ಪ್ರೆಸ್ಸು, ಅದೇ ಸದ್ದು. ಅವನ ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು.

"ಬನ್ನಿ. ಲಗ್ನಪತ್ರಿಕೆನಾ?" ಎಂದ. ಗುರುತು ಹಿಡಿದ ಮೇಲೆ ಕೈಯಲ್ಲಿದ್ದ ಅಚ್ಚುಮೊಳೆ ಕೆಳಗೆ ಬಿತ್ತು.

ಕಾರ್ಡು ಕೊಟ್ಟೆ, ನಡೆದದ್ದನ್ನು ಹೇಳಿದೆ. ತನ್ನ ಬೆರಳುಗಳನ್ನೇ ನೋಡಿಕೊಂಡ.

"ಒಂಬತ್ತು ವರ್ಷ ನೀವು ಬೇಡ ಅಂದ್ರಿ ಅಂತಾನೇ ಅಂದ್ಕೊಂಡಿದ್ದೆ."

"ನೀವು ಮರೆತ್ರಿ ಅಂತ ನಾನು. ಮದುವೆ ಆಯ್ತಾ?"

"ನಿಮಗೋಸ್ಕರ ಕಾದೆ ಅನ್ನೋದು ಸುಳ್ಳು. ಹೆಣ್ಣು ನೋಡ್ದೆ, ಒಂದೂ ಕೂಡಿಬರ್ಲಿಲ್ಲ. ಈಗ ತುರುವೇಕೆರೆಯವರು ಕೇಳ್ತಿದಾರೆ. ಗುರುವಾರ ಮಾತು ಕೊಡ್ಬೇಕು." ಬಿದ್ದ ಮೊಳೆ ಎತ್ತಿಕೊಂಡು, "ಕಾರ್ಡಿಗೆ ಉತ್ತರ?" ಎಂದ.

"ಕಾರ್ಡಲ್ಲೇ ಕೊಡ್ತೀನಿ," ಎಂದು ಎದ್ದು ಬಂದೆ.

ಗುರುವಾರಕ್ಕೆ ಮೂರೇ ದಿನ. ಅಂಚೆಯನ್ನು ನಂಬಿ ಒಮ್ಮೆ ಕೆಟ್ಟದ್ದು ಸಾಕು. ಪೋಸ್ಟಾಫೀಸಿನಲ್ಲಿ ಕಾರ್ಡು ಕೊಂಡೆ, ಪಕ್ಕದ ಅಂಗಡಿಯ ಗಿರಿಯಮ್ಮನ ಹತ್ತಿರ ಚಿಟಿಕೆ ಅರಿಶಿನ ಕೇಳಿದೆ.

"ಯಾರ್ ಮದ್ವೆ ತಾಯಿ?" ಎಂದಳು.

"ನಂದೇ ಕಣಮ್ಮ," ಎಂದೆ. ಬಾಯಿಂದ ಬಂದ ಮೇಲೆ ನಾಚಿಕೆಯಾಯಿತು.

ಬೇಕಿದ್ದ ಒಂದು ಸಾಲು ಬರೆದು, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಪ್ರೆಸ್ಸಿಗೆ ವಾಪಸ್ ಹೋದೆ. ಸುಬ್ಬಕೃಷ್ಣ ಬಾಗಿಲಲ್ಲೇ ನಿಂತಿದ್ದ. ಹಳದಿ ಮೂಲೆ ಕಂಡದ್ದೇ ಮುಖ ಅರಳಿ, ಕೈ ಚಾಚಿದ.

ನಾನು ಕಾರ್ಡನ್ನು ಬೆನ್ನ ಹಿಂದೆ ಹಿಡಿದೆ.

"ಮೊದ್ಲು ಹೋಗಿ ಕೈ ತೊಳ್ಕೊಂಡ್ ಬನ್ನಿ."