ಮಾಲೀಕರಿಂದಲೇ ನೇರ ಮಾರಾಟ!

ನನ್ನ ಬೆರಳುಗಳ ಮೇಲೆ ಅವನ ಶೂ ಇತ್ತು.

ಪೂರ್ತಿ ಭಾರ ಬಿಟ್ಟಿರಲಿಲ್ಲ. ಬಿಡೋದರಲ್ಲಿದ್ದ...

"ಕೈ ಬಿಡ್ತೀಯೋ? ಬೆರಳು ಬಿಡ್ತೀಯೋ?" ಅಂದ.

ನಾನು ತಾರಸಿಯ ಅಂಚಿಗೆ ಜೋತುಬಿದ್ದಿದ್ದೆ. ಕೆಳಗೆ ಎರಡು ಮಹಡಿ ಬರೀ ಗಾಳಿ. ಗಾಳಿ ಮುಗಿದ ಮೇಲೆ ಸಿಮೆಂಟು.

ನಮ್ಮದೇ ಮನೆ ಸ್ವಾಮಿ! ಆ ಸಿಮೆಂಟು ಹಾಕಿಸಿದ್ದೂ ನಾನೇ. ಗಟ್ಟಿಯಾಗಿರಲಿ ಅಂತ ಮೇಸ್ತ್ರಿಯ ಪ್ರಾಣ ತಿಂದು ಹಾಕಿಸಿದ್ದೆ!

ಕಾಲು ಎರಡೂ ಮಲಗೋ ಕೋಣೆಯ ಕಿಟಕಿ ಮುಂದೆ ಒದ್ದಾಡ್ತಿದ್ವು. ಒಳಗಿನ ಮಾತು ಸ್ಪಷ್ಟವಾಗಿ ಕೇಳಿಸ್ತಿತ್ತು.

"ಈ ರೂಮಿಗೆ ಒಳ್ಳೆ ಬಿಸಿಲು ಬರುತ್ತೆ" ಅಂತಿದ್ದಳು ಅವಳು.

"ಈಗೇನೋ ಅಡ್ಡ ಇದೆಯಲ್ಲ..." ಅಂತು ಒಂದು ಗಂಡು ದನಿ.

"ಅಯ್ಯೋ... ಕಾಲು! ಅದು ನನ್ನ ಮಾಜಿ ಗಂಡನ ಕಾಲು!"

ಸಾಕ್ಸ್ ನೋಡಿಯೇ ಗುರುತು ಹಿಡಿದಿದ್ದಳು.

ಮೇಲೆ ಶೂ ಒತ್ತಿತು. ಕಿಟಕಿಯಿಂದ ಯಾವುದೋ ಎರಡು ಕೈ ನನ್ನ ಸೊಂಟ ಹಿಡಿದ್ವು. ನಾನು ಕಣ್ಣು ಮುಚ್ಚಿ ಕೈ ಬಿಟ್ಟೆ!

ಕಿಟಕಿಯೊಳಗೆ ಬಿದ್ದೆ. ನೆಲದ ಮೇಲಲ್ಲ, ಒಬ್ಬ ಗಂಡಸಿನ ಮೇಲೆ. ಆ ಕಿಟಕಿಗೆ ಗ್ರಿಲ್ ಹಾಕಿಸು ಅಂತ ಅವಳು ಮದುವೆ ಮುರಿಯೋವರೆಗೂ ಬೈತಾನೇ ಇದ್ದಳು. ನಾನು ಹಾಕಿಸಲೇ ಇಲ್ಲ. ಸೋಮಾರಿತನ ಜೀವ ಉಳಿಸೋದು ಹೀಗೆ!

ನನ್ನ ಕೆಳಗೆ ಅಪ್ಪಚ್ಚಿಯಾಗಿದ್ದ ಮನುಷ್ಯ ನಕ್ಕ. ಬೆಳ್ಳಗಿನ ಹಲ್ಲು. ಇಸ್ತ್ರಿ ಮಾಡಿದ ಶರ್ಟು. ಮೈಯಿಂದ ಲವಂಗದ ವಾಸನೆ.

"ಪೆಟ್ಟಾಯ್ತಾ?" ಅಂದ.

ಆ ಕ್ಷಣದಿಂದಲೇ ನನಗೆ ಅವನನ್ನು ಕಂಡರೆ ಆಗಲಿಲ್ಲ.

ನನ್ನ ಕಸುಬು ಗೊತ್ತಲ್ಲ? ಓಡಿಹೋದವರನ್ನ ಹುಡುಕೋದು. ಬೇರೆಯವರ ಗಂಡ, ಬೇರೆಯವರ ಹೆಂಡತಿ ಎಲ್ಲಿ ಹೋಗ್ತಾರೆ, ಯಾರ ಜೊತೆ ಕೂರ್ತಾರೆ ಅಂತ ನೋಡಿ ಬಂದು ಹೇಳೋದು. ಊರಿನವರ ಹೊಟ್ಟೆಕಿಚ್ಚೇ ನನ್ನ ಹೊಟ್ಟೆ ತುಂಬಿಸೋದು! ನನಗೆ ಮಾತ್ರ ಆ ರೋಗ ಇಲ್ಲ ಅಂತ ಅಂದ್ಕೊಂಡಿದ್ದೆ.

ನಾವಿಬ್ಬರೂ ಜಗಳ ಇಲ್ಲದೆ ಬೇರೆಯಾಗಿದ್ವಿ. ನಾನು ಒಂದು ಸೈಕಲ್ ಅಂಗಡಿಯ ಮೇಲಿನ ರೂಮಿಗೆ ಹೋದೆ. ಅವಳು ಮನೆಯಲ್ಲೇ ಉಳಿದಳು. ಮನೆ ಮಾತ್ರ ಇಬ್ಬರ ಹೆಸರಲ್ಲೂ ಇತ್ತು. ಕೊನೆಗೆ ಮಾರೋಣ ಅಂದಳು. ತಾನೇ ಮಾರ್ತೀನಿ ಅಂದಳು! ಗೋಡೆಗೆ ಸುಣ್ಣ ಹೊಡೆಸಿದಳು, ಫೋಟೋ ತೆಗೆದಳು, ಗೇಟಿಗೆ ಬೋರ್ಡ್ ತಗುಲಿಸಿದಳು. 'ಮಾಲೀಕರಿಂದಲೇ ನೇರ ಮಾರಾಟ. ಬ್ರೋಕರ್‌ಗಳು ದಯವಿಟ್ಟು ಬೇಡ.'

ಆ ಬಡಾವಣೆಯಲ್ಲಿ ಹಾಗೆ ಬರೆಯೋಕೆ ಗುಂಡಿಗೆ ಬೇಕು ಸ್ವಾಮಿ. ಯಾಕಂದ್ರೆ ಅಲ್ಲಿ ಬ್ರೋಕರ್ ಕೀಗೊಂಚಲು ಇದ್ದ.

ನಿಜವಾದ ಹೆಸರಿಂದ ಅವನನ್ನ ಯಾರೂ ಕರೆಯಲ್ಲ. ಬೆರಳಿಗೆ ಬೀಗದ ಕೈಗಳ ಬಳೆ ಸಿಕ್ಕಿಸಿ ಗಿರಗಿರ ತಿರುಗಿಸ್ತಾ ಇರ್ತಾನೆ. ಖಾಲಿ ಮನೆಗಳೆಲ್ಲ ಅವನ ಬೆರಳ ತುದಿಯಲ್ಲಿ. ಅವನ ಕೈ ದಾಟಿ ಒಂದು ಮನೆ ಮಾರಾಟವಾದರೆ ನಾಳೆ ಹತ್ತು ಜನ ಕಲೀತಾರೆ! ಅದಕ್ಕೇ ಅವನ ಆಳು, ಗೂಳಿ ಅಂತ ಕರೀತಾರೆ, ತಾರಸಿ ಹತ್ತಿದ್ದ. ನೀರಿನ ಟ್ಯಾಂಕಿನ ಪೈಪು ಸಡಿಲ ಮಾಡ್ತಿದ್ದ. ಗಿರಾಕಿ ನೋಡ್ತಿರುವಾಗಲೇ ಗೋಡೆ ಮೇಲೆ ನೀರು ಇಳೀಬೇಕು! ಗಿರಾಕಿ ಬರೋ ದಿನ ಅಂತ ನಾನೂ ಬಂದಿದ್ದೆ, ಸದ್ದು ಕೇಳಿ ಮೇಲೆ ಹೋದೆ. ಅವನು ತಳ್ಳಿದ.

ನಾನು ಮತ್ತೆ ಓಡಿ ಹತ್ತೋದರಲ್ಲಿ ಗೂಳಿ ಪಕ್ಕದ ತಾರಸಿಗೆ ಹಾರಿ ಮಾಯ. ಸ್ಪ್ಯಾನರ್ ಮಾತ್ರ ಬಿದ್ದಿತ್ತು.

ಕೆಳಗಿಳಿದು ಬಂದೆ. ಅವಳು ಆ ಹಲ್ಲಿನವನಿಗೆ ಮನೆ ತೋರಿಸ್ತಿದ್ದಳು. ನಿಜಕ್ಕೂ ಹಲ್ಲಿನ ಡಾಕ್ಟರ್ರೇ ಅವನು!

"ನೋಡಿ ಡಾಕ್ಟ್ರೇ, ಮುಚ್ಚಿಡೋಕೆ ನನಗೆ ಬರಲ್ಲ. ಬಚ್ಚಲಿನ ಬಾಗಿಲು ಮಳೆಗಾಲದಲ್ಲಿ ಊದಿಕೊಳ್ಳುತ್ತೆ. ಅಡುಗೆಮನೆ ಕಿಟಕಿ ಎತ್ತಿ ಹಾಕಬೇಕು."

"ಈ ಶೆಲ್ಫು ವಾಲಿದೆಯಲ್ಲ?"

"ಅದು ಇವನು ಮಾಡಿದ್ದು" ಅಂತ ನನ್ನ ಕಡೆ ಗದ್ದ ತೋರಿಸಿದಳು. "ಬೀಳಲ್ಲ. ನೋಡೋಕಷ್ಟೇ ಹಾಗೆ."

ಶೆಲ್ಫಿಗೆ ಹೇಳಿದಳೋ ನನಗೋ ಗೊತ್ತಾಗಲಿಲ್ಲ.

ಡಾಕ್ಟರ್ ನಕ್ಕ. ಅವಳೂ ನಕ್ಕಳು.

ಆ ನಗು... ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಎಲ್ಲೋ ಕಳೆದುಹೋಗಿದೆ ಅಂದ್ಕೊಂಡಿದ್ದೆ. ಇಲ್ಲೇ ಇತ್ತು!

ಮೈಯೆಲ್ಲ ಖಾರ ಮೆತ್ತಿದ ಹಾಗಾಯ್ತು.

ಬುದ್ಧಿ ಇದ್ದವನು ಗೂಳಿಯ ಹಿಂದೆ ಹೋಗ್ತಿದ್ದ. ನಾನು ಡಾಕ್ಟರ ಹಿಂದೆ ಹೋದೆ.

ಮಾರನೇ ದಿನ ಬೈಕು ತಗೊಂಡು ಅವನ ಕಾರಿನ ಬಾಲ ಹಿಡಿದೆ. ಕ್ಲಿನಿಕ್ಕಿಗೆ ಹೋದ. ಔಷಧಿ ಅಂಗಡಿಗೆ ಹೋದ. ಒಬ್ಬ ಮುದುಕಿಯನ್ನು ಕೈ ಹಿಡಿದು ರಸ್ತೆ ದಾಟಿಸಿದ. ಥೂ! ಎಷ್ಟು ಹುಡುಕಿದರೂ ಒಂದು ಕೊಳಕು ಸಿಗಲಿಲ್ಲ.

ಮಧ್ಯಾಹ್ನ ಸಿಕ್ಕಿತು.

ಅವನ ಕಾರು ಕೀಗೊಂಚಲಿನ ಆಫೀಸಿನ ಮುಂದೆ ನಿಂತಿತು! ಗಾಜಿನ ಬಾಗಿಲಾಚೆ ಇಬ್ಬರೂ ಎದುರುಬದುರು ಕೂತರು. ಕೀಗೊಂಚಲು ಮೇಜಿನ ಮೇಲೆ ಬಗ್ಗಿ ಏನೋ ಪಿಸುಗುಟ್ಟಿದ. ಕೊನೆಗೆ ಕೈ ಕುಲುಕಿದರು.

ಸಿಕ್ಕಿಬಿದ್ದೆ ಮಗನೇ!

ನನಗಾದ ಖುಷಿ ಕೇಳಬೇಡಿ. ಸೀದಾ ಅವಳ ಹತ್ತಿರ ಹೋದೆ.

"ನಿನ್ನ ಡಾಕ್ಟರು ಬ್ರೋಕರ್ ಕಡೆಯವನು! ಕಣ್ಣಾರೆ ನೋಡಿದೆ."

"ನನ್ನ ಡಾಕ್ಟರಾ?"

"ಮಾತು ಹಾರಿಸಬೇಡ."

"ಹಾರಿಸ್ತಿರೋದು ನೀನು. ಅವರನ್ನ ಯಾಕೆ ಹಿಂಬಾಲಿಸಿದೆ?"

"ಅನುಮಾನ..."

"ಹೊಟ್ಟೆಕಿಚ್ಚು!" ಅಂದಳು. "ಮದುವೆಯಲ್ಲಿದ್ದಾಗ ನಾನು ಎಲ್ಲಿಗೆ ಹೋದೆ, ಊಟ ಮಾಡಿದೆನಾ ಅಂತ ಒಂದು ದಿನ ಕೇಳಲಿಲ್ಲ. ಈಗ ಕಾವಲು ನಾಯಿ ಥರ ಬಂದಿದ್ದೀಯ. ಹೋಗು!"

ಹೋದೆ. ಕ್ಲಿನಿಕ್ಕಿಗೆ ಹೋದೆ!

ಕುರ್ಚಿ ಖಾಲಿ ಇತ್ತು. ಡಾಕ್ಟರ್ ಕೈ ತೊಳೀತಿದ್ದ. ನನ್ನನ್ನು ನೋಡಿ ಅದೇ ನಗು ನಕ್ಕ.

"ಬನ್ನಿ, ಬೆರಳು ಹೇಗಿದೆ?"

ಹೇಗಿದೆ ಅಂತ ತೋರಿಸಿದೆ. ಮುಷ್ಟಿ ಕಟ್ಟಿ, ನೇರ ಆ ನಗುವಿನ ಮೇಲೆ!

ಮುಂದಿನ ಹಲ್ಲಿನ ಚೂರೊಂದು ಟಣ್ಣಂತ ಸ್ಟೀಲ್ ತಟ್ಟೆಗೆ ಹೋಗಿ ಬಿತ್ತು.

"ಕೀಗೊಂಚಲು ಎಷ್ಟು ಕೊಡ್ತಾನೆ ನಿನಗೆ?" ಕಾಲರ್ ಹಿಡಿದು ಕೇಳಿದೆ.

ಅವನು ಬಾಯಿಗೆ ಹತ್ತಿ ಒತ್ತಿಕೊಂಡ. ಸಿಟ್ಟು ಮಾಡಲಿಲ್ಲ. ಸಿಟ್ಟಾದರೂ ಮಾಡಬೇಕಿತ್ತು!

"ಅವನೇ ಕರೆಸಿದ್ದ" ಅಂದ ನಿಧಾನವಾಗಿ. "ಆ ಮನೆ ಬಿರುಕು ಬಿಟ್ಟಿದೆ, ತಗೋಬೇಡಿ ಅಂದ. ಸ್ವಲ್ಪ ದಿನ ಸುಮ್ಮನಿರಿ, ಆಯಮ್ಮ ಸುಸ್ತಾಗಿ ನನ್ನ ಹತ್ತಿರವೇ ಬರ್ತಾಳೆ, ಆಗ ಅರ್ಧಕ್ಕೆ ಕೊಡಿಸ್ತೀನಿ ಅಂದ."

"ಕೈ ಕುಲುಕಿದ್ಯಲ್ಲ!"

"ಆಗಲ್ಲ ಅಂದು ಎದ್ದು ಬರೋವಾಗ ಕೈ ಕುಲುಕಿದೆ. ಮರ್ಯಾದೆ ಅಲ್ವಾ?"

ನನ್ನ ಕೈ ಸಡಿಲವಾಯ್ತು.

ಅಷ್ಟರಲ್ಲಿ ಹೊರಗೆ ಗಾಜು ಒಡೆದ ಸದ್ದು. ರಿಸೆಪ್ಷನ್ ಹೆಂಗಸು ಕಿರುಚಿದಳು. ಬಾಗಿಲು ದಡಾರಂತ ತೆರೆದು ಗೂಳಿ ಒಳಗೆ ಬಂದ. ಕೈಯಲ್ಲಿ ಕಬ್ಬಿಣದ ರಾಡು!

"ಆಗಲ್ಲ ಅಂದಿದ್ದು ಯಾವನೋ?"

ಮೊದಲ ಏಟಿಗೆ ದೀಪ ಪುಡಿಯಾಯ್ತು. ಎರಡನೇದು ನನ್ನ ಭುಜಕ್ಕೆ. ನಾನು ಕುರ್ಚಿ ಮೇಲೆ ಮಲಗಿಬಿಟ್ಟೆ. ಮೂರನೇದು ತಲೆಗೇ ಬರ್ತಿತ್ತು...

ಡಾಕ್ಟರ್ ಪೆಡಲ್ ತುಳಿದ. ಕುರ್ಚಿ ಸರ್ರಂತ ಕೆಳಗಿಳೀತು! ರಾಡು ಗಾಳಿಯಲ್ಲಿ ಬೀಸಿ ಹೋಯ್ತು. ಗೂಳಿ ಮುಗ್ಗರಿಸಿದ. ಡಾಕ್ಟರ್ ನೀರಿನ ಪೈಪು ಹಿಡಿದು ಅವನ ಕಣ್ಣಿಗೇ ಬಿಟ್ಟ. ಉಳಿದದ್ದನ್ನ ನನ್ನ ಮೊಣಕಾಲು ನೋಡಿಕೊಂಡಿತು.

ಗೂಳಿಯನ್ನು ಪೊಲೀಸರಿಗೆ ಒಪ್ಪಿಸಿದ್ವಿ. ಕೀಗೊಂಚಲು ಮಾತ್ರ 'ಆ ಮನುಷ್ಯ ಯಾರೋ ನನಗೆ ಗೊತ್ತೇ ಇಲ್ಲ' ಅಂತ ಕೈ ತೊಳೆದುಕೊಂಡ.

ಒಂದೇ ವಾರದಲ್ಲಿ ಆ ಡಾಕ್ಟರ್ ನನ್ನ ಜೀವ ಎರಡು ಸಲ ಉಳಿಸಿದ್ದ. ಇದನ್ನ ನಾನು ಯಾವತ್ತೂ ಕ್ಷಮಿಸಲ್ಲ!

ಹಲ್ಲು ಮುರಿದ ಸುದ್ದಿ ಅವಳಿಗೆ ತಲುಪಿತು. ನನಗೆ ಫೋನ್ ಮಾಡಿ ಬೈದಳು. ಆಮೇಲೆ ನನ್ನ ಪರವಾಗಿ ಕ್ಷಮೆ ಕೇಳ್ತೀನಿ ಅಂತ ಅವನ ಕ್ಲಿನಿಕ್ಕಿಗೆ ಹೋದಳು.

ಹೋದವಳು ಸಂಜೆವರೆಗೂ ಬರಲಿಲ್ಲ.

ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಎದುರಿನ ಟೀ ಅಂಗಡಿಯ ಬೆಂಚು ಬಹಳ ಗಟ್ಟಿ.

ಡಾಕ್ಟರ್ ಮನೆ ತಗೋತೀನಿ ಅಂದ. ರಿಜಿಸ್ಟ್ರೇಷನ್ ದಿನ ಬಂತು. ಡಾಕ್ಟರ ಕಾರು. ಅವನು ಡ್ರೈವಿಂಗ್. ಪಕ್ಕದಲ್ಲಿ ಅವಳು. ಹಿಂದೆ, ಎರಡು ರಟ್ಟಿನ ಡಬ್ಬಗಳ ನಡುವೆ ಮೂರನೇ ಡಬ್ಬದ ಥರ ನಾನು.

ಸೇತುವೆ ದಾಟಿದ ಮೇಲೆ ಕನ್ನಡಿ ನೋಡಿದೆ. ಒಂದು ಬಿಳಿ ವ್ಯಾನು... ಅಂಟಿಕೊಂಡೇ ಬರ್ತಿದೆ!

"ಕೀಗೊಂಚಲಿನವರು ಹಿಂದೆ ಬಂದ್ರು. ಒತ್ತು!" ಅಂದೆ.

ಡಾಕ್ಟರ್ ಒತ್ತಿದ. ವ್ಯಾನೂ ಒತ್ತಿತು. ಪಕ್ಕಕ್ಕೆ ಬಂದು ಬಾಗಿಲಿಗೆ ಉಜ್ಜಿತು. ಕಿಡಿ! ಕನ್ನಡಿ ಹಾರಿಹೋಯ್ತು, ಕಿಟಕಿ ಗಾಜು ಪುಡಿಯಾಯ್ತು. ಮುಂದೆ ಮರಳು ಲಾರಿಯೊಂದು ರಸ್ತೆಗಡ್ಡ ರಿವರ್ಸ್ ತಗೋತಿದೆ!

"ಎಡಕ್ಕೆ ತಿರುಗಿಸೋ!" ಅವಳು ಚೀರಿದಳು. "ಎಡಕ್ಕೆ ಕಣೋ!"

ಅವನು ತಿರುಗಿಸಿದ. ಕಾರು ಒಂದು ಗಲ್ಲಿಗೆ ನುಗ್ಗಿತು. ವ್ಯಾನು ಸೀದಾ ಹೋಗಿ ಮರಳಿಗೆ ಮೂತಿ ತೂರಿಸಿತು. ಗಲ್ಲಿಯ ತುದಿಯಲ್ಲಿ ಕಾರು ನಿಂತಿತು. ಇಬ್ಬರೂ ಏದುಸಿರು ಬಿಡ್ತಾ ನಕ್ಕರು.

ನನಗೆ ವ್ಯಾನೂ ನೆನಪಿಲ್ಲ, ಲಾರಿಯೂ ನೆನಪಿಲ್ಲ.

ಕಣೋ!

ಮೊದಲ ದಿನ 'ನೋಡಿ ಡಾಕ್ಟ್ರೇ' ಇತ್ತು. ಈಗ 'ಕಣೋ'! ಆ 'ಕಣೋ' ನನ್ನದು ಸ್ವಾಮಿ. ಅವಳ ಬಾಯಲ್ಲಿ ನನಗೊಬ್ಬನಿಗೇ ಇದ್ದದ್ದು. ಮನೆ ಕೊಡೋಕೆ ಒಪ್ಪಿದ್ದೆ. ಅದನ್ನ ಯಾವಾಗ ಕೊಟ್ಟೆ?

ರಿಜಿಸ್ಟ್ರಾರ್ ಆಫೀಸಿನಲ್ಲಿ ಜನವೋ ಜನ. ಅವರಿಬ್ಬರೂ ಬೆಂಚಿನ ಮೇಲೆ ಕೂತರು. ನಾನು ಮುಖ ತೊಳೆಯೋಕೆ ಹಿಂದಿನ ನಲ್ಲಿಗೆ ಹೋದೆ. ಬೆನ್ನ ಹಿಂದೆ ಝಣಝಣ ಸದ್ದು.

ಕೀಗೊಂಚಲು!

"ಹೊಡೀಬೇಡಪ್ಪ" ಅಂದ. "ವ್ಯಾಪಾರದ ಮಾತು. ನೀನೇನೂ ಮಾಡೋದು ಬೇಡ. ಸಹಿ ಹಾಕಬೇಡ, ಅಷ್ಟೇ. ನಿನ್ನ ಸಹಿ ಇಲ್ಲದೆ ಮಾರಾಟ ಇಲ್ಲ."

"ನಾನ್ಯಾಕೆ ಸಹಿ ಹಾಕದೇ ಇರಲಿ?"

ಅವನು ಕಿಟಕಿಯತ್ತ ಕಣ್ಣು ತೋರಿಸಿದ. ಒಳಗೆ ಬೆಂಚಿನ ಮೇಲೆ ಅವಳು ಡಾಕ್ಟರ ಅಂಗಿಯ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೀತಿದ್ದಳು. ಅವನು ಅಲ್ಲಾಡದೆ ಕೂತಿದ್ದ. ಅರ್ಧ ಹಲ್ಲಿನ ನಗು. ಹಲ್ಲು ಮುರಿದ ಮೇಲೆ ಇನ್ನೂ ಚೆನ್ನಾಗಿ ಕಾಣ್ತಿದ್ದ ಹಾಳಾದವನು!

"ನಾಳೆ ಆ ಮನೆ ಅವನದು" ಕೀಗೊಂಚಲು ಕಿವಿಯಲ್ಲಿ ಅಂದ. "ಆ ಕೋಣೆ, ಆ ಕಿಟಕಿ, ಆ ಬಿಸಿಲು... ಅದನ್ನ ನೀನು ರಸ್ತೆಯಲ್ಲಿ ನಿಂತು ನೋಡಬೇಕಾ?"

ನಾನು ಅವನನ್ನು ಹೊಡೆಯಲಿಲ್ಲ. ಅದೇ ನನಗೆ ಭಯ ಆಗಿದ್ದು. ಗೂಳಿಯ ರಾಡಿಗೂ ಅಷ್ಟು ಹೆದರಿರಲಿಲ್ಲ.

ನಮ್ಮ ಸರದಿ ಬಂತು. ಅವಳು ಸಹಿ ಹಾಕಿದಳು. ಡಾಕ್ಟರ್ ಹಾಕಿದ. ಗುಮಾಸ್ತ ಪೆನ್ನು ನನ್ನ ಕಡೆ ತಳ್ಳಿದ.

ತಗೊಂಡೆ. ಹಾಕಲಿಲ್ಲ.

"ಏನ್ರೀ, ಹೆಸರು ಮರೆತುಹೋಯ್ತಾ?" ಗುಮಾಸ್ತ ಗದರಿದ.

ಅವಳು ನನ್ನ ಮುಖ ನೋಡಿದಳು. ಒಂದು ನೋಟಕ್ಕೇ ಎಲ್ಲ ಅರ್ಥವಾಯ್ತು ಅವಳಿಗೆ. ಈಗ ಬೈತಾಳೆ ಅಂತ ಕಾದೆ. ಬೈಯಲಿ ಅಂತ ಆಸೆಪಟ್ಟೆ!

"ನಿನಗೆ ಮನಸ್ಸಿಲ್ಲದಿದ್ರೆ ಬೇಡ" ಅಂದಳು ಮೆಲ್ಲಗೆ. "ನಾನು ಬೈಯಲ್ಲ."

ಅಷ್ಟೇ.

ಬೆಳಿಗ್ಗೆ ಎದ್ದರೆ ಬೈತಿದ್ದಳು. ಟವೆಲ್ ಎಲ್ಲೋ ಬಿಸಾಕಿದ್ದಕ್ಕೆ, ಗ್ರಿಲ್ ಹಾಕಿಸದೇ ಇದ್ದಿದ್ದಕ್ಕೆ, ಫೋನ್ ಎತ್ತದೇ ಇದ್ದಿದ್ದಕ್ಕೆ. ಬೈಯೋವರೆಗೂ ನಾನು ಅವಳಿಗೆ ಬೇಕಾಗಿದ್ದೆ ಸ್ವಾಮಿ. ಇವತ್ತು ಬೈಯಲ್ಲ ಅಂದಳು. ಕೋರ್ಟಿನಲ್ಲಿ ಜಡ್ಜ್ ಹೇಳಿದಾಗಲೂ ಮುಗಿದಿರಲಿಲ್ಲ. ಆಗ ಮುಗೀತು.

ಸಹಿ ಹಾಕಿದೆ. ಎಲ್ಲ ಪುಟಕ್ಕೂ.

ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೀಗೊಂಚಲು ಬೆರಳಲ್ಲಿ ಬಳೆ ತಿರುಗಿಸ್ತಾ ನಿಂತಿದ್ದ.

"ಏನಾಯ್ತು?"

"ಇದಾಯ್ತು!" ಅಂದು ಬಳೆಯನ್ನು ಬೆರಳಿಂದ ಕಿತ್ತುಕೊಂಡೆ. ಗೇಟಿನಾಚೆ ಕಸದ ಲಾರಿ ಹೊರಟಿತ್ತು. ಬೀಸಿ ಒಗೆದೆ. ಬಡಾವಣೆಯ ಅಷ್ಟೂ ಖಾಲಿ ಮನೆಗಳು ಝಣ್ಣಂತ ಹೋಗಿ ಕೊಳೆತ ಎಲೆಕೋಸಿನ ಮೇಲೆ ಬಿದ್ದವು.

"ನಿಲ್ಸೋ! ಲಾರಿ ನಿಲ್ಸೋ!" ಕೀಗೊಂಚಲು ಪಂಚೆ ಎತ್ತಿಕಟ್ಟಿ ಓಡಿದ. ಅಂಥ ಓಟ ನಾನು ನೋಡಿಯೇ ಇಲ್ಲ.

ಅವಳು ಒಂದು ಬಾಡಿಗೆ ಫ್ಲ್ಯಾಟಿಗೆ ಹೋದಳು. ಡಬ್ಬ ಎಲ್ಲ ನಾನೇ ಹೊತ್ತೆ. ಬಹಳ ದಿನ ಅಲ್ಲಿರಲಿಲ್ಲ ಅವಳು. ಮುಂದಿನ ಬೇಸಿಗೆಗೆ ಡಾಕ್ಟರನ್ನು ಮದುವೆಯಾಗಿ ಅದೇ ಮನೆಗೆ, ಅದೇ ಕೋಣೆಗೆ ವಾಪಸ್ ಬಂದಳು. ಕಿಟಕಿಗೆ ಈಗ ಗ್ರಿಲ್ ಇದೆ. ನೋಡಿದ್ದೀನಿ... ರಸ್ತೆಯಿಂದ.

ನಾನು ಹಿಂಬಾಲಿಸದೇ ಇದ್ದಿದ್ರೆ ಹಲ್ಲು ಮುರೀತಿರಲಿಲ್ಲ. ಹಲ್ಲು ಮುರಿಯದೇ ಇದ್ದಿದ್ರೆ ಅವಳು ಕ್ಷಮೆ ಕೇಳೋಕೆ ಹೋಗ್ತಿರಲಿಲ್ಲ. ಮನೆ ನೋಡೋಕೆ ಬಂದವನು ಮನೆ ನೋಡ್ಕೊಂಡು ಹೋಗ್ತಿದ್ದ.

ಬ್ರೋಕರ್ ಇಲ್ಲದೆ ಮನೆ ಮಾರಿದೆ ಅಂತ ಅವಳು ಇವತ್ತಿಗೂ ಎಲ್ಲರ ಹತ್ತಿರ ಜಂಬ ಕೊಚ್ಚಿಕೊಳ್ತಾಳೆ.

ಶುದ್ಧ ಸುಳ್ಳು! ಬ್ರೋಕರ್ ಇದ್ದ. ನಾನೇ... ಕಮಿಷನ್ ಕೊಟ್ಟಿಲ್ಲ, ಅಷ್ಟೇ!