ಪಾದೋದಕದ ತಳದಲ್ಲಿ ಬಿಳಿ ಪುಡಿ

“ನಮ್ಮತ್ತಿಗೆ ನಾ ಗುಳಗಿ ತಪ್ಪಿಸಿಲ್ರಿ. ಒಂದ ದಿನಾನೂ ತಪ್ಪಿಸಿಲ್ಲ.”

ಅಣ್ಣಿಗೇರಿಯ ಡಾಕ್ಟರ್ ಅತಿಯಾ ಅವರ ಮನೆಯ ಕಟ್ಟೆಯ ಮೇಲೆ ಕುಳಿತ ಹೆಂಗಸು ಕೊಟ್ಟ ನೀರನ್ನೂ ಮುಟ್ಟದೆ ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಹೆಸರು ನೇತ್ರಾ, ಗಂಡನ ಮನೆ ಮೊರಬ. ತಿರಕಪ್ಪ ಬಾಗಿಲಿಗೆ ಒರಗಿ ಅವಳನ್ನು ಅಳೆದು ನೋಡಿದ. ತಲೆ ಬೆಳ್ಳಗಾಗುವವರೆಗೆ ಪೊಲೀಸ್ ಹವಾಲ್ದಾರನಾಗಿ ದುಡಿದವನು ಅವನು. ಅತ್ತೆ ಸತ್ತ ಮನೆಯ ಸೊಸೆಯರ ಕಣ್ಣೀರು ಬೇಕಾದಷ್ಟು ಕಂಡಿದ್ದ, ಅರ್ಧಕ್ಕರ್ಧ ನಂಬಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ ಕೊಯ್ದು ಸಾವಿನ ಕಾರಣ ಹೇಳುತ್ತಿದ್ದ ಅತಿಯಾ ನಿವೃತ್ತರಾದ ಮೇಲೆ, ಠಾಣೆಗೆ ಹೋಗಲು ಹೆದರುವ ಜನ ತಮ್ಮ ಸಂಕಟಗಳನ್ನು ಇಲ್ಲಿಗೆ ಹೊತ್ತು ತರುತ್ತಿದ್ದರು. ಅವರ ಜೀಪು ಓಡಿಸುವುದು ಮತ್ತು ಅವರು ನಂಬಿದವರನ್ನೆಲ್ಲ ಅನುಮಾನಿಸುವುದು ತಿರಕಪ್ಪನ ಈಗಿನ ಉದ್ಯೋಗ.

ನೇತ್ರಾ ಹೇಳಿದ್ದು ಇಷ್ಟು. ಅತ್ತೆ ಮಲ್ಲಕ್ಕನಿಗೆ ಬಹಳ ವರ್ಷಗಳಿಂದ ಥೈರಾಯ್ಡ್ ಮಂದವಾಗುವ ಕಾಯಿಲೆ. ದಿನಾ ಬೆಳಿಗ್ಗೆ ಗುಳಿಗೆ ಕೊಡುತ್ತಿದ್ದವಳು ಇವಳೇ. “ನುಂಗಿ ಅರ್ಧ ತಾಸು ಆಗೂತನಕ ಚಾದ ಸುದ್ದಿ ತಗೀತಿದ್ದಿಲ್ರಿ ನಮ್ಮತ್ತಿ, ಅಷ್ಟು ನೇಮ.” ಕೆಮ್ಮು ನ್ಯುಮೋನಿಯಾ ಆಗಿ, ನಂಜು ರಕ್ತಕ್ಕೇರಿ, ಮಲ್ಲಕ್ಕನನ್ನು ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುಗೆ ಹಾಕಿದರು. ರಕ್ತ ಪರೀಕ್ಷೆ ನೋಡಿದ ಡಾಕ್ಟರು ಥೈರಾಯ್ಡ್ ತೀರಾ ಇಳಿದಿದೆ ಎಂದದ್ದೇ ತಡ, ಯರಗುಪ್ಪಿಗೆ ಕೊಟ್ಟಿದ್ದ ನಾದಿನಿ ರೋಹಿಣಿ ಅಲ್ಲೇ ರಂಪ ಎಬ್ಬಿಸಿದಳು: ಇವಳು ಗುಳಿಗೆ ಕೊಡದೆ ನಮ್ಮವ್ವನನ್ನು ಈ ಗತಿಗೆ ತಂದಳು ಎಂದು. ಅಂದಿನಿಂದ ನೇತ್ರಾಳನ್ನು ಆಸ್ಪತ್ರೆಯೊಳಗೆ ಕಾಲಿಡಲು ಬಿಡಲಿಲ್ಲ. ಮಲ್ಲಕ್ಕ ಚೇತರಿಸಿಕೊಂಡು, ಉಸಿರಾಟದ ಯಂತ್ರ ತೆಗೆದು, ಚಮಚದಲ್ಲಿ ನೀರು ಕುಡಿಯುವಂತಾದಳು. ಆಮೇಲೆ ಇದ್ದಕ್ಕಿದ್ದಂತೆ ಎದೆಬಡಿತ ಓಡತೊಡಗಿತು. ಹಿಡಿತಕ್ಕೆ ಬರಲೇ ಇಲ್ಲ, ಸತ್ತಳು.

“ನಾಳೆ ಠಾಣೆಕ ಹೋಗತಾಳಂತ್ರಿ ರೋಹಿಣಿ. ಹೋಗಲಿ. ಆದರ ನನ್ನನ್ನ ತವರಿಗೆ ಅಟ್ಟಿ, ಮಗಳು ಶಿವಲೀಲಾನ್ನ ಅಲ್ಲೇ ಇಟಗೊಂಡಾರ. ಕೊಂದಾಕಿ ಕೈಯಾಗ ಕೂಸು ಕೊಡಂಗಿಲ್ಲ ಅಂತಾರ. ನನ್ನ ಗಂಡ ಬಾಯಿ ತಗೀವಲ್ರು. ನನ್ನ ಕೂಸು ನನಗ ಕೊಡಸ್ರಿ ಅಕ್ಕಾರ.”

ತಿರಕಪ್ಪ ನೀರಿನ ಲೋಟವನ್ನು ಅವಳ ಹತ್ತಿರ ಸರಿಸಿದ. ಅದಕ್ಕೆ ಅವನಿಗೇ ಸಿಟ್ಟು ಬಂತು.

ಮನೆ ಬಿಡುವಾಗ ಗಂಡನ ಚೀಲದಲ್ಲಿದ್ದ ಆಸ್ಪತ್ರೆಯ ಕಾಗದಗಳನ್ನು ಅವಳು ಎತ್ತಿಕೊಂಡು ಬಂದಿದ್ದಳು. ಅತಿಯಾ ಕನ್ನಡಕ ಏರಿಸಿ ಎರಡು ರಕ್ತ ಪರೀಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಮೊದಲನೆಯದರಲ್ಲಿ ಥೈರಾಯ್ಡಿನ ಎರಡು ಹಾರ್ಮೋನುಗಳ ಪೈಕಿ ಟಿ-ತ್ರೀ ತಳ ಕಂಡಿತ್ತು. ಟಿ-ಫೋರ್ ಕೊಂಚ ತಗ್ಗಿತ್ತು, ಟಿಎಸ್‌ಎಚ್ ಇರಬೇಕಾದಲ್ಲಿಯೇ ಇತ್ತು. ಎರಡನೆಯದು ಎದೆ ಓಡತೊಡಗಿದ ದಿನ ರಕ್ತ ತೆಗೆದು ಮಾಡಿದ್ದು. ಫಲಿತಾಂಶ ಬರುವಷ್ಟರಲ್ಲಿ ಮಲ್ಲಕ್ಕ ಹೋಗಿಬಿಟ್ಟಿದ್ದಳು, ಯಾರೂ ಅದನ್ನು ಓದಿರಲಿಲ್ಲ. ಅದರಲ್ಲಿ ಟಿ-ಫೋರ್ ಮಿತಿ ಮೀರಿ ಏರಿತ್ತು, ಟಿಎಸ್‌ಎಚ್ ಇಲ್ಲವೆನ್ನುವಷ್ಟು ಇಳಿದಿತ್ತು.

“ಇಳದಿದ್ದು ಏರೈತಿ ಅಂದ್ರ ಚಲೋನ ಅಲ್ಲೇನ್ರಿ?” ಎಂದ ತಿರಕಪ್ಪ.

“ಚಲೋ ಆಗಿದ್ರ ಆಕಿ ಸಾಯತಿದ್ದಿಲ್ಲ. ಜೀಪು ತಗಿ.”

ಹುಬ್ಬಳ್ಳಿಯ ಆ ಐಸಿಯುದಲ್ಲಿ ಮಲ್ಲಕ್ಕನನ್ನು ನೋಡಿಕೊಂಡಿದ್ದ ನರ್ಸ್ ರೇಷ್ಮಾಬಿ ಮೊದಲು ಬಿಗಿಯಾಗಿದ್ದಳು, ಆಮೇಲೆ ಮಾತಾಡಿದಳು. ಆಸ್ಪತ್ರೆಯಿಂದ ಕೊಟ್ಟದ್ದು ಮಲ್ಲಕ್ಕ ಮನೆಯಲ್ಲಿ ನುಂಗುತ್ತಿದ್ದಷ್ಟೇ ಗುಳಿಗೆ, ಮನೆಯಿಂದ ತಂದ ಅವಳ ಡಬ್ಬಿಯೂ ನರ್ಸುಗಳ ಹತ್ತಿರವೇ ಇತ್ತು. ಹೆಚ್ಚು ಕೊಡುವುದು ಬೇಡ ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು.

“ಹೊರಗಿಂದ ಏನರೆ ಹೊಟ್ಟಿಗೆ ಹೋತೇನು?”

“ಪಾದೋದಕ ಒಂದ ಹೋಗತಿತ್ರಿ. ಲಿಂಗಪೂಜಿ ನೀರು. ಒಂದೆರಡು ಚಮಚಕ್ಕ ಡಾಕ್ಟರು ಹೂಂ ಅಂದಿದ್ರು. ಮುಂಜಾನೆ ಆಕಿ ಗಂಡ, ಆ ಅಜ್ಜ ಬಂದು ಒಂದು ಚಮಚ ಹಾಕಿ, ಬಾಟ್ಲಿ ಇಟ್ಟು ಹೋಗತಿದ್ರು. ಸಂಜಿಗೆ ಒಮ್ಮೆ ಮಗ, ಒಮ್ಮೆ ಮಗಳು. ಒಬ್ಬರನ್ನ ಅಷ್ಟ ಒಳಗ ಬಿಡತೇವಿ.”

“ನೀರು ಹೆಂಗಿತ್ತು?”

“ಮುಂಜಾನೆ ತಿಳಿ ಇರತಿತ್ತು. ಕೆಲವು ದಿನ ಸಂಜಿಗೆ ಚಮಚ ತೊಳಿಯೂವಾಗ ತಳದಾಗ ಬೆಳ್ಳಗ ಕೂತಿರತಿತ್ತು. ವಿಭೂತಿ ಇರಬೇಕು ಅನ್ಕೊಂಡೆ. ಯಾರು ಬಂದು ಹ್ವಾದಾಗ ಅಂತ ನೆನಪಿಲ್ರಿ. ಎದಿ ಓಡಾಕ ಹತ್ತಿದ ದಿನ ಚಮಚ ಸ್ವಚ್ಛ ಇತ್ತು. ಅವತ್ತ ಒಬ್ಬರಾದ ಮ್ಯಾಲ ಒಬ್ಬರು ಇಬ್ಬರೂ ಬಂದಿದ್ರು, ಆದರೂ.”

ತಿರುಗಿ ಬರುವಾಗ ತಿರಕಪ್ಪ, ಮಲ್ಲಕ್ಕನ ಮಗ, ನೇತ್ರಾಳ ಗಂಡ ಪ್ರಭುವಿನ ಮೇಲೆ ಬೆರಳಿಟ್ಟ. ಬಾಯಿ ಬಿಡದ ಗಂಡಸರ ಹೊಟ್ಟೆಯಲ್ಲಿ ಏನಾದರೂ ಇರುತ್ತದೆ ಎಂಬುದು ಅವನ ಹಳೆಯ ಸಿದ್ಧಾಂತ.

ಮರುದಿನ ಬೆಳಿಗ್ಗೆ ಅವರು ನೇತ್ರಾಳನ್ನೂ ರೇಷ್ಮಾಬಿಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಮೊರಬಕ್ಕೆ ಹೋದರು. ಮಲ್ಲಕ್ಕನ ಗಂಡ ಮಡಿವಾಳೆಪ್ಪ ಪಡಸಾಲೆಯಲ್ಲಿ ಗೋಡೆಗೆ ತಲೆಯಾನಿಸಿ ಕುಳಿತಿದ್ದ. ಸೊಸೆಯನ್ನು ಕಂಡು ಎದ್ದ ರೋಹಿಣಿಗೆ ಆತನೇ ಕೈಸನ್ನೆ ಮಾಡಿ ಕೂರೆಂದ. ನೆರೆಮನೆಯಿಂದ ಚಹಾ ಬಂತು. ಪ್ರಭು ಒಂದೇ ಗುಟುಕಿಗೆ ಕುಡಿದು ಕಪ್ಪು ಇಟ್ಟ. ರೋಹಿಣಿ ತನ್ನದನ್ನು ಬಾಜು ಸರಿಸಿ, “ಇನ್ನ ತುಸು ತಡದು ಕುಡೀತೀನಿ” ಎಂದಳು. ಅವ್ವ ಸತ್ತ ದುಃಖಕ್ಕೆ ಚಹಾ ಕೂಡ ಇಳಿಯುತ್ತಿಲ್ಲ ಎಂದು ತಿರಕಪ್ಪನಿಗೆ ಅಯ್ಯೋ ಅನಿಸಿತು.

ಅತಿಯಾ ಮಡಿವಾಳೆಪ್ಪನ ಎದುರು ಕುಳಿತರು. “ಕಾಕಾ, ಪಾದೋದಕದಾಗ ವಿಭೂತಿ ಬೀಳತಿತ್ತೇನು?”

“ಇಲ್ರಿ. ಆಕಿ ಶ್ವಾಸಕ್ಕ ಏನೂ ಸಿಗಬಾರದು ಅಂದಿದ್ರು ಡಾಕ್ಟರು. ಪತ್ರಿ, ವಿಭೂತಿ ಎಲ್ಲಾ ಹೋಗಲೆಂತ ಅರಿವ್ಯಾಗ ಸೋಸಿ, ಕಾಸಿ, ಆರಿಸಿ ಒಯ್ಯತಿದ್ದೆ.”

“ಹಂಗಾರ ಎಲ್ಲಾರೂ ಕೇಳ್ರಿ,” ಎಂದರು ಅತಿಯಾ. “ಮದಲ ಗುಳಗಿ ಮಾತು. ಎತ್ತಿಗೆ ಜಡ್ಡಾದ್ರ ಕಾಕಾ, ಏನ್ ಮಾಡತೀರಿ?”

“ನೊಗ ಇಳಸ್ತೇವಿ.”

“ಶರೀರನೂ ಅದನ್ನ ಮಾಡತೈತಿ. ಜೀವಕ್ಕ ಬರೂವಂಥ ಜಡ್ಡಿನ್ಯಾಗ ತಾನಾಗೇ ಟಿ-ತ್ರೀ ಇಳಿಸಿ, ಇದ್ದ ಶಕ್ತಿ ಉಳಸಾಕ ನೋಡತೈತಿ. ಥೈರಾಯ್ಡ್ ರೋಗ ಇಲ್ಲದವರಿಗೂ ಐಸಿಯುದಾಗ ಹಿಂಗ ಆಗತೈತಿ. ನೇತ್ರಾ ತಿಂಗಳುಗಟ್ಟಲೆ ಗುಳಗಿ ತಪ್ಪಿಸಿದ್ರ, ಇನ್ನ ಬೇಕು ಇನ್ನ ಬೇಕು ಅಂತ ಮಿದುಳು ಕೂಗತಿತ್ತು. ಆ ಕೂಗಿನ ಹೆಸರು ಟಿಎಸ್‌ಎಚ್. ಜಡ್ಡಿನ್ಯಾಗ ಕೂಗು ತುಸು ಸಣ್ಣ ಆಗಬಹುದು, ಆದರ ಇಷ್ಟು ಸುಮ್ಮನ ಇರಂಗಿಲ್ಲ. ಗುಳಗಿ ದಿನಾ ಸಿಕ್ಕಾವ. ಈಕಿ ಖರೇನ ಹೇಳ್ಯಾಳ.”

ಪ್ರಭು ಹೆಂಡತಿಯತ್ತ ನೋಡಿದ. ನೇತ್ರಾ ನೋಡಲಿಲ್ಲ.

“ಆರಾಮ ಆಗೂವಾಗ ಟಿಎಸ್‌ಎಚ್ ತಾನಾಗೇ ಮ್ಯಾಲೇರಬೇಕಿತ್ತು. ಅದು ನೆಲಾ ಕಚ್ಚಿತು, ಟಿ-ಫೋರ್ ಆಕಾಶಕ್ಕ ಹೋತು. ಗುಳಗ್ಯಾಗ ಇರೂದು ಅದ ಟಿ-ಫೋರ್. ಅಂದ್ರ ಯಾರೋ ಹೊರಗಿಂದ ಗುಳಗಿ ಅರದು ಹಾಕ್ಯಾರ, ಒಂದೆರಡಲ್ಲ. ನೊಗ ಇಳಿಸಿ ಮಲಗಿದ ಎತ್ತಿಗೆ ಬಾರಕೋಲು ಬೀಸ್ಯಾರ. ಮುದುಕಿ ಎದಿ ತಡೀಲಿಲ್ಲ. ಸೋಸಿದ ನೀರಾಗ ತಳಕ್ಕ ಕುಂತ ಬೆಳ್ಳಂದು ಆ ಪುಡಿ. ಮುಂಜಾನೆ ಇರಲಿಲ್ಲ, ಹಂಗಾಗಿ ಕಾಕಾ ಅಲ್ಲ. ನೇತ್ರಾಗ ಒಳಗ ಬಿಟ್ಟಿಲ್ಲ. ಉಳದವ್ರು ಅಣ್ಣ, ತಂಗಿ.”

ತಿರಕಪ್ಪ ಪ್ರಭುವಿನ ಬಾಜು ಸರಿದು ನಿಂತ.

“ಅಷ್ಟು ಗುಳಗಿ ಬೇಕಂದ್ರ ಕೈಗೆ ಸಿಗೂವಂಗ ಇರಬೇಕು, ಮಲ್ಲಕ್ಕನ ಡಬ್ಬಿ ನರ್ಸುಗಳ ಕೈಯಾಗಿತ್ತು. ಥೈರಾಯ್ಡ್ ಗುಳಗಿ ನುಂಗಿದವರು ಅರ್ಧ ತಾಸು ಚಾ ಮುಟ್ಟಂಗಿಲ್ಲ. ಇವತ್ತ ಈ ಮನ್ಯಾಗ ಒಬ್ಬಾಕಿ ಮುಟ್ಟಲಿಲ್ಲ.” ಅತಿಯಾ ಕೈ ಚಾಚಿದರು. “ನಿನ್ನ ಪರ್ಸಿನಾಗಿನ ಡಬ್ಬಿ ಕೊಡವಾ, ರೋಹಿಣಿ.”

ತಿರಕಪ್ಪ ತನ್ನ ಪೆದ್ದುತನಕ್ಕೆ ತುಟಿ ಕಚ್ಚಿಕೊಂಡ. ರೋಹಿಣಿ ಕೊಸರಾಡಲಿಲ್ಲ. ದೊಡ್ಡ ಡಬ್ಬಿ, ಮೊನ್ನೆ ಮೊನ್ನೆ ಕೊಂಡದ್ದು, ತಳದಲ್ಲಿ ನಾಲ್ಕಾರು ಗುಳಿಗೆ ಉಳಿದಿದ್ದವು.

“ಅವ್ವನ್ನ ಉಳಸಾಕ ಕೊಟ್ಟೆ,” ಎಂದಳು ಅವಳು. “ಇಳದೈತಿ ಅಂದ್ರು, ಮತ್ತ ಹೆಚ್ಚಿಗಿ ಕೊಡಂಗಿಲ್ಲ ಅಂದ್ರು. ಈಕಿ ತಪ್ಪಿಸಿದ್ದೆಲ್ಲಾ ತುಂಬಿ ಬರಲೆಂತ ಕೊಟ್ಟೆ. ಪಾದೋದಕದ ಜೋಡಿ ಹೋದ್ರ ಕೆಟ್ಟದ್ದ ಆಗಂಗಿಲ್ಲ ಅನಿಸ್ತು.”

“ನಂಬತೇನಿ,” ಎಂದರು ಅತಿಯಾ. ದನಿ ಮೆತ್ತಗಾಗಲಿಲ್ಲ. “ಆದರ ಎದಿ ಓಡಾಕ ಹತ್ತಿದ ದಿನ ಚಮಚ ಸ್ವಚ್ಛ ಇತ್ತು. ಅವತ್ತ ನಿಲ್ಲಿಸಿದಿ. ಯಾಕ?”

ರೋಹಿಣಿ ಡಬ್ಬಿ ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು, ಅತಿಯಾ ಕೊಡಲಿಲ್ಲ.

“ನಿನಗ ತಿಳೀತು, ಅದಕ್ಕ ನಿಲ್ಲಿಸಿದಿ. ಡಾಕ್ಟರು ಬಾಜೂಕ ನಿಂತು, ಯಾಕ ಹಿಂಗಾತು ಅಂತ ತಲಿ ಕೆಡಿಸಿಕೊಂಡಿದ್ರು. ಒಂದ ಮಾತು ಹೇಳಿದ್ದಿಯಂದ್ರ ಇದಕ್ಕ ಔಷಧ ಇತ್ತು, ಆಕಿ ಉಳೀಬಹುದಿತ್ತು. ನೀ ಬಾಯಿ ಮುಚ್ಚಿದಿ. ಮುಚ್ಚಿದ್ದು ಮುಚ್ಚೇ ಇರಲೆಂತ ನೇತ್ರಾನ ಮ್ಯಾಲ ಕೇಸ್ ಹಾಕಾಕ ಹೊಂಟಿ.”

ಮಡಿವಾಳೆಪ್ಪ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. “ನನ್ನ ಕೈಲೇ ಸೋಸಿ ತುಂಬಿದ್ದೆ,” ಎಂದ. ಆಮೇಲೆ ಗೋಡೆ ಹಿಡಿದು ಎದ್ದು, “ಠಾಣೆಕ ಈಕಿನ್ನ ನಾನ ಕರಕೊಂಡು ಬರತೇನಿ” ಎಂದು ತಿರಕಪ್ಪನಿಗೆ ಹೇಳಿದ. ಆ ಮುದುಕನ ಮುಖ ನೋಡುವ ಧೈರ್ಯ ತಿರಕಪ್ಪನಿಗೆ ಇರಲಿಲ್ಲ. ಹೆಂಡತಿ ಹೋದಳು, ಈಗ ಮಗಳೂ ಹೋದಳು.

ಪ್ರಭು ಒಳಗಿನಿಂದ ಶಿವಲೀಲಾಳನ್ನು ಎತ್ತಿ ತಂದ. ಕೂಸು ತಾಯಿಯ ಹೆಗಲಿಗೆ ಹಾರಿ ಕೊರಳು ಅಪ್ಪಿತು. “ತಪ್ಪಾತು ನೇತ್ರಾ,” ಎಂದ ಅವನು. “ಒಳಗ ಬಾ.”

ನೇತ್ರಾ ಮಗಳ ಬೆನ್ನು ಸವರುತ್ತ ಅಲ್ಲೇ ನಿಂತಳು. “ಮನಿ ಬಿಟ್ಟು ಹೋಗೂ ಮುಂದ ನಿಮಗ ಒಂದ ಕೇಳಿದ್ದೆ, ನನ್ನ ನಂಬತೀರೇನು ಅಂತ. ಅವತ್ತ ಸುಮ್ಮನ ನಿಂತ್ರಿ. ಇವತ್ತ ರಕ್ತದ ರಿಪೋರ್ಟು ಹೇಳಿತು, ನಂಬಿದ್ರಿ.”

ಅವಳು ಹೊಸ್ತಿಲು ದಾಟಿ ಹೊರಗೆ ನಡೆದಳು. ಅವಳಿಗಿಂತ ಮೊದಲೇ ಓಡಿ ಹೋಗಿ ತಿರಕಪ್ಪ ಜೀಪಿನ ಬಾಗಿಲು ತೆರೆದು ಹಿಡಿದ.